“ಪ್ರೆಸಿಡೆಂಟ್ ಅಂದ್ರೆ ಈಗಿನ ರಾಜ ತಾನೆ ಸಾರ್?”

ಎರಡನೇ ಮೇಲ್ಮನವಿಯಲ್ಲೂ ಸೋತ ಕಕ್ಷಿದಾರರು ಸಾಮಾನ್ಯವಾಗಿ ಎರಡು ಪ್ರಶ್ನೆ ಕೇಳುತ್ತಾರೆ. ಸುಪ್ರೀಂ ಕೋರ್ಟಿಗೆ ಹೋದರೆ ಎಷ್ಟು ಖರ್ಚಾಗುತ್ತೆ ಅನ್ನೋದು ಮೊದಲನೆಯದು. ಅದಕ್ಕೆ ಉತ್ತರ ಕೇಳಿ ಸ್ವಲ್ಪ ಹೊತ್ತು ಸುಮ್ಮನಿದ್ದು ಎರಡನೆಯದು ಕೇಳುತ್ತಾರೆ: “ಹಂಗಾದ್ರೆ ರಾಷ್ಟ್ರಪತಿಗಳಿಗೇ ಒಂದು ಅರ್ಜಿ ಹಾಕಿಬಿಟ್ರೆ ಹೆಂಗೆ ಸಾರ್?”

ಕೆಲವು ವರ್ಷಗಳ ಹಿಂದೆ ಹೀಗೆ ಕೇಳಿದ ಅಜ್ಜರೊಬ್ಬರು ನನ್ನ ಉತ್ತರಕ್ಕೆ ಕಾಯಲಿಲ್ಲ. ಊರಿಗೆ ಹೋಗಿ, ಮೊಮ್ಮಗಳ ಕೈಲಿ ಮೂರು ಪುಟ ಬರೆಸಿ, ರಿಜಿಸ್ಟರ್ಡ್ ಪೋಸ್ಟಿನಲ್ಲಿ ದೆಹಲಿಗೆ ಕಳಿಸಿಯೇ ಬಿಟ್ಟರು. ಎರಡು ಎಕರೆ ಚಿಲ್ಲರೆ ಜಮೀನಿನ ವ್ಯಾಜ್ಯ. ಅರ್ಜಿ ಎಲ್ಲೂ ಕಳೆದುಹೋಗಲಿಲ್ಲ. ರಾಷ್ಟ್ರಪತಿ ಭವನದಿಂದ ರಾಜ್ಯದ ಮುಖ್ಯ ಕಾರ್ಯದರ್ಶಿಗಳಿಗೆ ಬಂತು. ಅಲ್ಲಿಂದ ಡಿಸಿ ಆಫೀಸು. ಅಲ್ಲಿಂದ ತಾಲ್ಲೂಕು ಕಚೇರಿ. ಕೊನೆಗೆ “ಸೂಕ್ತ ಕ್ರಮಕ್ಕಾಗಿ” ಅಂತ ಬಂದು ಕೂತಿದ್ದು, ಅಜ್ಜ ಯಾವ ಮೇಜಿನ ಮೇಲೆ ದೂರು ಹೇಳಿದ್ದರೋ ಅದೇ ಮೇಜಿನ ಮೇಲೆ.

ಹಿಂಬರಹ ಹಿಡಿದು ನನ್ನ ಛೇಂಬರಿಗೆ ಬಂದ ಅಜ್ಜನಿಗೆ ಸಿಟ್ಟಿಗಿಂತ ಗೊಂದಲವೇ ಜಾಸ್ತಿ ಇತ್ತು. “ನಮ್ಮ ತಾತ ಮಾರಾಜರಿಗೆ ಅರ್ಜಿ ಕೊಟ್ಟು ಕೆಲಸ ಮಾಡಿಸ್ಕಂಡಿದ್ರಂತೆ. ಪ್ರೆಸಿಡೆಂಟ್ ಅಂದ್ರೆ ಈಗಿನ ರಾಜ ತಾನೆ ಸಾರ್?”

ಹೌದು ಅಂದರೂ ತಪ್ಪು, ಅಲ್ಲ ಅಂದರೂ ತಪ್ಪು. ಅವತ್ತು ಕಾಫಿ ತರಿಸಿ ಒಂದು ಗಂಟೆ ಮಾತಾಡಿದೆ. ಅದನ್ನೇ ಇಲ್ಲಿ ಸ್ವಲ್ಪ ಬಿಡಿಸಿ ಬರೆಯುತ್ತಿದ್ದೇನೆ.

ಸಂವಿಧಾನದ 53ನೇ ವಿಧಿಯನ್ನು ಮಾತ್ರ ಓದಿದರೆ ಅಜ್ಜನ ಮಾತು ಸರಿ ಅನಿಸುತ್ತದೆ. ಒಕ್ಕೂಟದ ಕಾರ್ಯಾಂಗದ ಅಧಿಕಾರವೆಲ್ಲ ರಾಷ್ಟ್ರಪತಿಯದು. ಸೇನೆಯ ಪರಮಾಧಿಕಾರವೂ ಅವರದೇ. ಮುಂದೆ ಹೋದರೆ ಸುಗ್ರೀವಾಜ್ಞೆ, ಕ್ಷಮಾದಾನ, ತುರ್ತು ಪರಿಸ್ಥಿತಿ, ರಾಜ್ಯ ಸರ್ಕಾರ ವಜಾ ಮಾಡುವುದು, ಎಲ್ಲ ಅವರ ಹೆಸರಿನಲ್ಲೇ ಇದೆ. ಅದಕ್ಕೇ ಜೂನಿಯರ್‌ಗಳಿಗೆ ನಾನು ಹೇಳೋದು, 53 ಓದಿ ಪುಸ್ತಕ ಮುಚ್ಚಬೇಡಿ, 74ರ ತನಕ ಹೋಗಿ ಅಂತ. ಅಲ್ಲಿ ಪ್ರಧಾನಮಂತ್ರಿ ಮತ್ತು ಮಂತ್ರಿಮಂಡಲ ಬಂದು ಕೂರುತ್ತಾರೆ. ಅವರು ಸಲಹೆ ಕೊಡುತ್ತಾರೆ, ರಾಷ್ಟ್ರಪತಿ ಅದರಂತೆ ನಡೆಯಬೇಕು.

ನಮ್ಮ ರಾಷ್ಟ್ರಪತಿಯ ಸ್ಥಾನ ಇಂಗ್ಲೆಂಡಿನ ರಾಜನ ಸ್ಥಾನದಂಥದ್ದೇ ಅಂತ ಅಂಬೇಡ್ಕರ್ 1948ರ ನವೆಂಬರ್ 4ರಂದು ಸಂವಿಧಾನ ಸಭೆಯಲ್ಲಿ ನೇರವಾಗಿ ಹೇಳಿದ್ದರು. ದೇಶವನ್ನು ಪ್ರತಿನಿಧಿಸುತ್ತಾರೆ, ಆಳುವುದಿಲ್ಲ. ಆದರೆ ಆ ಸಭೆಯ ಅಧ್ಯಕ್ಷರಾಗಿದ್ದ ರಾಜೇಂದ್ರ ಪ್ರಸಾದರಿಗೇ ಇದು ಪೂರ್ತಿ ಒಪ್ಪಿಗೆಯಾಗಿರಲಿಲ್ಲ. ತಾವೇ ರಾಷ್ಟ್ರಪತಿಯಾದ ಮೇಲೆ, 1951ರಲ್ಲಿ ಹಿಂದೂಗಳ ಮದುವೆ, ಆಸ್ತಿ ಕಾನೂನು ಬದಲಿಸುವ ಹಿಂದೂ ಕೋಡ್ ಮಸೂದೆ ವಿಚಾರದಲ್ಲಿ ನೆಹರೂ ಅವರಿಗೆ ಪತ್ರ ಬರೆದು ತಕರಾರು ತೆಗೆದರು. 1960ರಲ್ಲೂ ಒಂದು ಭಾಷಣದಲ್ಲಿ ರಾಷ್ಟ್ರಪತಿಯ ಅಧಿಕಾರ ನಿಜಕ್ಕೂ ಎಷ್ಟು, ಅಧ್ಯಯನ ಮಾಡಿ ಅಂದರು. ಅವರೂ ವಕೀಲರು, ಆ ಅನುಮಾನ ಬರುವುದು ಸಹಜ. ಯಾಕೆಂದರೆ ಆಗಿನ 74ನೇ ವಿಧಿಯಲ್ಲಿ ಮಂತ್ರಿಮಂಡಲ “ನೆರವು ಮತ್ತು ಸಲಹೆ” ನೀಡುತ್ತದೆ ಅಂತ ಮಾತ್ರ ಇತ್ತು. ಸಲಹೆಯಂತೆ ನಡೆಯಲೇಬೇಕು ಅಂತ ಬರೆದಿರಲಿಲ್ಲ. ಸುಪ್ರೀಂ ಕೋರ್ಟ್ 1955ರಲ್ಲಿ, ಮತ್ತೆ 1974ರಲ್ಲಿ ಶಂಶೇರ್ ಸಿಂಗ್ ಪ್ರಕರಣದಲ್ಲಿ, ನಡೆಯಬೇಕು ಅಂತಲೇ ಅದನ್ನು ಓದಿತು. 1976ರಲ್ಲಿ 42ನೇ ತಿದ್ದುಪಡಿ ಅದನ್ನು ಕಪ್ಪು ಅಕ್ಷರದಲ್ಲಿ ಬರೆಯಿತು. 44ನೇ ತಿದ್ದುಪಡಿ ಒಂದೇ ಒಂದು ಸಣ್ಣ ಕಿಟಕಿ ತೆರೆಯಿತು: ಸಲಹೆಯನ್ನು ಒಂದು ಸಲ ವಾಪಸ್ ಕಳಿಸಬಹುದು. ಅದೇ ಸಲಹೆ ಮತ್ತೆ ಬಂದರೆ ಮಾತಿಲ್ಲ.

ಈಗ ಇಂಗ್ಲೆಂಡಿಗೆ ಬನ್ನಿ. ಅಲ್ಲಿ ರಾಜ ಮಂತ್ರಿಗಳ ಮಾತು ಕೇಳಲೇಬೇಕು ಅಂತ ಹೀಗೆ ಒಂದೇ ಕಡೆ ಬರೆದಿಟ್ಟ ಕಾನೂನಿಲ್ಲ. ಕಾಗದದ ಲೆಕ್ಕದಲ್ಲಿ ಇವತ್ತಿಗೂ ಚಾರ್ಲ್ಸ್ ದೊರೆ ಒಂದು ಮಸೂದೆಗೆ ಅಂಕಿತ ಹಾಕಲ್ಲ ಅನ್ನಬಹುದು. ಆದರೆ ಹಾಗೆ ಕೊನೆಯ ಸಲ ಅಂದದ್ದು ಆ್ಯನ್ ರಾಣಿ, 1708ರಲ್ಲಿ. ಮುನ್ನೂರು ವರ್ಷಕ್ಕೂ ಮೇಲಾಯಿತು. ಅಂದರೆ ಬರಹದಲ್ಲಿ ನಮ್ಮ ರಾಷ್ಟ್ರಪತಿಗಿಂತ ಇಂಗ್ಲೆಂಡಿನ ರಾಜನ ಕೈ ಸಡಿಲವಾಗಿದೆ. ನಡವಳಿಕೆಯಲ್ಲಿ ನೋಡಿದರೆ ಉಲ್ಟಾ. ನಮ್ಮಲ್ಲಿ ರಾಷ್ಟ್ರಪತಿಗಳು ಸರ್ಕಾರಕ್ಕೆ ಅಡ್ಡ ನಿಂತಿದ್ದಾರೆ, ಅದೂ ಒಂದಲ್ಲ ಎರಡಲ್ಲ.

ನನಗೆ ತುಂಬಾ ಇಷ್ಟವಾದ ಪ್ರಸಂಗ ಗ್ಯಾನಿ ಜೈಲ್ ಸಿಂಗ್ ಅವರದು. 1986. ರಾಜೀವ್ ಗಾಂಧಿ ಸರ್ಕಾರಕ್ಕೆ ಲೋಕಸಭೆಯಲ್ಲಿ 400ಕ್ಕೂ ಹೆಚ್ಚು ಸ್ಥಾನ. ಜನರ ಕಾಗದ ಪತ್ರ ಒಡೆದು ನೋಡಲು ಸರ್ಕಾರಕ್ಕೆ ಅವಕಾಶ ಕೊಡುವ ಅಂಚೆ ತಿದ್ದುಪಡಿ ಮಸೂದೆ ಸಂಸತ್ತಿನಲ್ಲಿ ಪಾಸಾಗಿ ಅವರ ಮೇಜಿಗೆ ಬಂತು. ಜೈಲ್ ಸಿಂಗ್ ಒಪ್ಪಲೂ ಇಲ್ಲ, ವಾಪಸ್ಸೂ ಕಳಿಸಲಿಲ್ಲ. ವಾಪಸ್ ಕಳಿಸಿದ್ದರೆ ಸಂಸತ್ತು ಮತ್ತೆ ಪಾಸು ಮಾಡಿ ಕಳಿಸುತ್ತಿತ್ತು, ಆಗ ಸಹಿ ಹಾಕಲೇಬೇಕಿತ್ತು. ಸುಮ್ನೆ ಇಟ್ಟುಕೊಂಡರು. 111ನೇ ವಿಧಿಯಲ್ಲಿ ಅಂಕಿತಕ್ಕೆ ಇಷ್ಟು ದಿನ ಅಂತ ಗಡುವೇ ಇಲ್ಲ. ಅಮೆರಿಕದ ಅಧ್ಯಕ್ಷರಿಗೆ, ಭಾನುವಾರ ಬಿಟ್ಟು, ಹತ್ತೇ ದಿನ. ಆ ಮಸೂದೆ ಕೊನೆಗೂ ಕಾನೂನಾಗಲಿಲ್ಲ. ಕಡತ ಮುಂದೆ ಕಳಿಸದೆ ಕೂರುವುದರಲ್ಲಿ ಎಷ್ಟು ಶಕ್ತಿ ಇದೆ ಅಂತ ಯಾವುದಾದರೂ ಕಚೇರಿಗೆ ಖಾತೆ ಬದಲಾವಣೆಗೆ ಅಲೆದವರಿಗೆ ನಾನು ಬಿಡಿಸಿ ಹೇಳಬೇಕಿಲ್ಲ.

ಈ ಗಡುವಿನ ಜಗಳ ಇತ್ತೀಚೆಗೆ ಮತ್ತೆ ಬಂತು. ರಾಜ್ಯಪಾಲರು ಕಳಿಸಿಕೊಟ್ಟ ಮಸೂದೆಗಳನ್ನು ರಾಷ್ಟ್ರಪತಿ ಮೂರು ತಿಂಗಳೊಳಗೆ ತೀರ್ಮಾನಿಸಬೇಕು ಅಂತ 2025ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳ ಪೀಠ ಹೇಳಿತು. ದ್ರೌಪದಿ ಮುರ್ಮು ಅವರು 143ನೇ ವಿಧಿಯಡಿ ಕೋರ್ಟಿನ ಅಭಿಪ್ರಾಯ ಕೇಳಿದರು. ಕೋರ್ಟು ಹೀಗೆ ಗಡುವು ಹಾಕುವಂತಿಲ್ಲ ಅಂತ ಐವರ ಪೀಠ ನವೆಂಬರ್‌ನಲ್ಲಿ ಉತ್ತರ ಕೊಟ್ಟಿತು.

ಇನ್ನು ರಾಜರು ಹೀಗೆ ಅಡ್ಡ ನಿಂತರೆ ಏನಾಗುತ್ತದೆ? ಲಕ್ಸೆಂಬರ್ಗ್ ಅಂತ ಯುರೋಪಿನಲ್ಲಿ ಒಂದು ಪುಟ್ಟ ದೇಶ, ನಮ್ಮ ಬೆಂಗಳೂರು ನಗರ ಜಿಲ್ಲೆಗಿಂತ ತುಸು ದೊಡ್ಡದು. 2008ರಲ್ಲಿ ಅಲ್ಲಿನ ಅರಸ, ಗ್ರ್ಯಾಂಡ್ ಡ್ಯೂಕ್ ಹೆನ್ರಿ, ದಯಾಮರಣದ ಕಾನೂನಿಗೆ ತನ್ನ ಮನಸ್ಸು ಒಪ್ಪಲ್ಲ, ಅಂಕಿತ ಹಾಕಲ್ಲ ಅಂದ. ಸಂಸತ್ತು ಅವನ ಜೊತೆ ವಾದಕ್ಕೆ ಇಳಿಯಲಿಲ್ಲ. ಸಂವಿಧಾನವನ್ನೇ ತಿದ್ದಿ, ಅಂಕಿತದ ಅಧಿಕಾರ ಕಿತ್ತುಕೊಂಡಿತು. 2009ರಿಂದ ಅಲ್ಲಿನ ಅರಸನ ಕೆಲಸ ಕಾನೂನನ್ನು ಪ್ರಕಟಿಸುವುದಷ್ಟೇ. ಬೆಲ್ಜಿಯಂ ರಾಜ ಬೋದುವಾಂ ಇನ್ನೂ ಹುಷಾರು. 1990ರಲ್ಲಿ ಗರ್ಭಪಾತದ ಕಾನೂನು ಬಂದಾಗ, ಸಹಿ ಹಾಕಲು ಅವನ ಧರ್ಮ ಅಡ್ಡ ಬಂತು. ಸರ್ಕಾರದ ಜೊತೆ ಮಾತಾಡಿಕೊಂಡು, ರಾಜ ಸದ್ಯಕ್ಕೆ ಆಳುವ ಸ್ಥಿತಿಯಲ್ಲಿಲ್ಲ ಅಂತ ಘೋಷಣೆ ಮಾಡಿಸಿದರು. ಮಂತ್ರಿಗಳು ಸಹಿ ಹಾಕಿದರು. ಎರಡು ದಿನ ಕಳೆಯುವುದರೊಳಗೆ ರಾಜ ವಾಪಸ್ ರಾಜನಾದ.

ನನ್ನ ಲೆಕ್ಕದಲ್ಲಿ ರಾಜ, ರಾಷ್ಟ್ರಪತಿ ಇಬ್ಬರ ನಡುವಿನ ವ್ಯತ್ಯಾಸದ ಗುಟ್ಟು ಇಲ್ಲಿದೆ. ರಾಜನಿಗೆ ಮನೆತನ ಉಳಿಸಿಕೊಳ್ಳುವ ಚಿಂತೆ. ಮಗ, ಮೊಮ್ಮಗ ಅದೇ ಕುರ್ಚಿಯಲ್ಲಿ ಕೂರಬೇಕು. ಒಂದು ಮಸೂದೆಗಾಗಿ ಅದನ್ನೆಲ್ಲ ಪಣಕ್ಕೆ ಇಡುವಷ್ಟು ದಡ್ಡತನ ಯಾರು ಮಾಡುತ್ತಾರೆ? ರಾಷ್ಟ್ರಪತಿಗೆ ಐದು ವರ್ಷ ಆದ ಮೇಲೆ ಪಿಂಚಣಿ. ಎರಡನೇ ಅವಧಿಯ ಆಸೆ ಇಲ್ಲದಿದ್ದರೆ ಕಳೆದುಕೊಳ್ಳುವುದು ಏನೂ ಇಲ್ಲ. 61ನೇ ವಿಧಿಯಲ್ಲಿ ಮಹಾಭಿಯೋಗ, ಅಂದರೆ ಹುದ್ದೆಯಿಂದ ಇಳಿಸುವ ದಾರಿ, ಇದೆ, ಎರಡೂ ಸದನಗಳಲ್ಲಿ ಮೂರನೇ ಎರಡರಷ್ಟು ಬಹುಮತ ಬೇಕು, ಇವತ್ತಿನವರೆಗೆ ಯಾರ ಮೇಲೂ ನಡೆದಿಲ್ಲ. ಅದೂ ಅಲ್ಲದೆ ಸಂಸದರು, ಶಾಸಕರು ವೋಟು ಹಾಕಿ ಗೆಲ್ಲಿಸಿದವರು ಅನ್ನೋ ಬಲ ಬೇರೆ.

ಧೈರ್ಯ ಎಲ್ಲರಿಗೂ ಬಂದಿಲ್ಲ ಅನ್ನೋದೂ ನಿಜ. 1975ರ ಜೂನ್ 25ರ ರಾತ್ರಿ ಫಕ್ರುದ್ದೀನ್ ಅಲಿ ಅಹ್ಮದ್ ತುರ್ತು ಪರಿಸ್ಥಿತಿಯ ಘೋಷಣೆಗೆ ಸಹಿ ಹಾಕಿದಾಗ ಸಂಪುಟ ಸಭೆಯೇ ಸೇರಿರಲಿಲ್ಲ. ಸಂಪುಟ ಒಪ್ಪಿದ್ದು ಮರುದಿನ ಬೆಳಿಗ್ಗೆ. “ಸಂಪುಟದ ನಿರ್ಧಾರ ಎಲ್ಲಿ?” ಅಂತ ಆ ರಾತ್ರಿ ಒಂದು ಪ್ರಶ್ನೆ ಕೇಳಬಹುದಿತ್ತು. ಕೇಳಲಿಲ್ಲ. ಆಮೇಲೆ 44ನೇ ತಿದ್ದುಪಡಿಯಲ್ಲಿ, ಸಂಪುಟದ ನಿರ್ಧಾರ ಬರಹದಲ್ಲಿ ಬರಲೇಬೇಕು ಅಂತ ಸೇರಿಸಬೇಕಾಯಿತು. ರಾಷ್ಟ್ರಪತಿ ಕೇಳಲೇಬೇಕಾಗಿದ್ದ ಪ್ರಶ್ನೆಯನ್ನು ಕಾನೂನೇ ಕೇಳುವ ಹಾಗೆ ಮಾಡಿದರು ಅನ್ನಿ.

ನಮ್ಮವರೇ ಆದ ಬಿ.ಡಿ. ಜತ್ತಿ ಈ ಎರಡರ ನಡುವೆ ಸಿಕ್ಕಿಕೊಂಡವರು. ಜಮಖಂಡಿ ಸಂಸ್ಥಾನದಲ್ಲಿ ಮಂತ್ರಿಯಾಗಿದ್ದವರು, ಮುಂದೆ ಮೈಸೂರು ರಾಜ್ಯದ ಮುಖ್ಯಮಂತ್ರಿ. ರಾಜನ ಆಡಳಿತ, ಪ್ರಜೆಗಳ ಆಡಳಿತ ಎರಡನ್ನೂ ಒಳಗಿನಿಂದ ಕಂಡವರು. 1977ರ ಫೆಬ್ರವರಿಯಲ್ಲಿ ಫಕ್ರುದ್ದೀನ್ ತೀರಿಕೊಂಡಾಗ ಉಪರಾಷ್ಟ್ರಪತಿಯಾಗಿದ್ದ ಜತ್ತಿ ಹಂಗಾಮಿ ರಾಷ್ಟ್ರಪತಿಯಾದರು. ಮಾರ್ಚ್‌ನಲ್ಲಿ ಜನತಾ ಪಕ್ಷ ಗೆದ್ದಿತು. ಏಪ್ರಿಲ್ ಕೊನೆಗೆ, ಕಾಂಗ್ರೆಸ್ ಆಡಳಿತದ ಒಂಬತ್ತು ರಾಜ್ಯಗಳ ವಿಧಾನಸಭೆ ವಿಸರ್ಜಿಸಿ ಅಂತ ಮೊರಾರ್ಜಿ ಸಂಪುಟ ಸಲಹೆ ಕಳಿಸಿತು. ಜತ್ತಿ ತಕ್ಷಣ ಸಹಿ ಹಾಕಲಿಲ್ಲ. ಆದರೆ 42ನೇ ತಿದ್ದುಪಡಿ ಆಗಷ್ಟೇ ಜಾರಿಗೆ ಬಂದಿತ್ತು, ವಾಪಸ್ ಕಳಿಸುವ ಕಿಟಕಿ ಇನ್ನೂ ತೆರೆದಿರಲಿಲ್ಲ. ಏಪ್ರಿಲ್ 30ರಂದು ಸಹಿ ಬಿತ್ತು. ಅವರನ್ನು ಹಿಂಜರಿದವರು ಅಂತ ಒಂದು ಕಡೆಯವರು ಬೈದರು, ಮಣಿದವರು ಅಂತ ಇನ್ನೊಂದು ಕಡೆಯವರು. ಕಾನೂನು ಅವರಿಗೆ ಬಿಟ್ಟಿದ್ದ ಜಾಗವೇ ಅಷ್ಟು ಅಂತ ನನಗನಿಸುತ್ತದೆ.

ಆ ಕಿಟಕಿ ತೆರೆದ ಮೇಲೆ ಅವರು ಬಂದಿದ್ದರೆ ಬೇರೆ ದಾರಿ ಇತ್ತು. 1997ರಲ್ಲಿ ಉತ್ತರ ಪ್ರದೇಶದ ಕಲ್ಯಾಣ್ ಸಿಂಗ್ ಸರ್ಕಾರ ವಜಾ ಮಾಡುವ ಸಲಹೆ ಬಂದಾಗ ಕೆ.ಆರ್. ನಾರಾಯಣನ್ ಅದೇ ಕಿಟಕಿಯಿಂದ ವಾಪಸ್ ಕಳಿಸಿದರು, ಗುಜ್ರಾಲ್ ಸಂಪುಟ ಕೈಬಿಟ್ಟಿತು. ನಾರಾಯಣನ್‌ಗೆ ಕಿಟಕಿಯ ಜೊತೆಗೆ ಒಂದು ಊರುಗೋಲೂ ಇತ್ತು, ಅದು ನಮ್ಮ ರಾಜ್ಯದ ಕೊಡುಗೆ. 1989ರಲ್ಲಿ ಎಸ್.ಆರ್. ಬೊಮ್ಮಾಯಿ ಸರ್ಕಾರಕ್ಕೆ ಸದನದಲ್ಲಿ ಬಹುಮತ ತೋರಿಸಲೂ ಬಿಡದೆ ವಜಾ ಮಾಡಿದ್ದರು. ಇಂಥ ಘೋಷಣೆಯನ್ನು ಕೋರ್ಟು ಪರಿಶೀಲಿಸಬಹುದು, ಬಹುಮತ ಇದೆಯೋ ಇಲ್ಲವೋ ಸದನದಲ್ಲೇ ತೀರ್ಮಾನವಾಗಬೇಕು ಅಂತ 1994ರಲ್ಲಿ ಒಂಬತ್ತು ನ್ಯಾಯಮೂರ್ತಿಗಳ ಪೀಠ ಹೇಳಿತು.

ಇದೆಲ್ಲ ಪ್ರಧಾನಿಯ ಬೆನ್ನಿಗೆ ಬಹುಮತದ ಬೆಂಬಲ ಇದ್ದಾಗಿನ ಮಾತು. ಲೆಕ್ಕ ಕೂಡದೆ ಇದ್ದಾಗ ರಾಷ್ಟ್ರಪತಿ ಬೇರೆಯೇ ಮನುಷ್ಯ. 1979ರಲ್ಲಿ ನೀಲಂ ಸಂಜೀವ ರೆಡ್ಡಿ ಚರಣ್ ಸಿಂಗರನ್ನು ಪ್ರಧಾನಿ ಮಾಡಿದರು. ಅವರು ಲೋಕಸಭೆಯ ಮುಂದೆ ನಿಲ್ಲದೆಯೇ ರಾಜೀನಾಮೆ ಕೊಟ್ಟರು. ಜಗಜೀವನ್ ರಾಂ ತಮಗೆ ಅವಕಾಶ ಕೊಡಿ ಅಂತ ಕೇಳುತ್ತಿದ್ದರೂ ರೆಡ್ಡಿ ಲೋಕಸಭೆ ವಿಸರ್ಜಿಸಿಬಿಟ್ಟರು. ದೇಶಕ್ಕೆ ಮೊದಲ ದಲಿತ ಪ್ರಧಾನಿ ಸಿಗುವ ಸಾಧ್ಯತೆ ಒಬ್ಬ ವ್ಯಕ್ತಿಯ ತೀರ್ಮಾನದಲ್ಲಿ ಹೋಯಿತು. ಇದಕ್ಕಿಂತ ದೊಡ್ಡ ಅಧಿಕಾರ ಇನ್ನೇನು ಬೇಕು?

ಅಮೆರಿಕದ ವಿಷಯ ಕೇಳುವವರೂ ಇದ್ದಾರೆ. ಅಲ್ಲಿನ ಅಧ್ಯಕ್ಷರನ್ನು ನಮ್ಮ ರಾಷ್ಟ್ರಪತಿ ಜೊತೆ ಹೋಲಿಸುವುದೇ ತಪ್ಪು, ಹೆಸರಷ್ಟೇ ಒಂದು. ನಮ್ಮ ಹಳ್ಳಿಯಲ್ಲಿ “ಪ್ರೆಸಿಡೆಂಟ್ರು” ಅಂದರೆ ಗ್ರಾಮ ಪಂಚಾಯಿತಿ ಅಧ್ಯಕ್ಷರು ಅಲ್ವಾ, ಹಾಗೆ. ಅಮೆರಿಕದವರು 1776ರಲ್ಲಿ ರಾಜನ ಮೇಲೆ ಹೊರಿಸಿದ ದೂರುಗಳ ಪಟ್ಟಿಯಲ್ಲಿ ಮೊದಲನೆಯದೇ, ನಮ್ಮ ಕಾನೂನುಗಳಿಗೆ ಅಂಕಿತ ಹಾಕಲ್ಲ ಅನ್ನೋದು. ಆಮೇಲೆ ತಮ್ಮದೇ ಸಂವಿಧಾನ ಬರೆಯುವಾಗ ಮಸೂದೆ ತಿರಸ್ಕರಿಸುವ ಅಧಿಕಾರವನ್ನು ತಮ್ಮ ಅಧ್ಯಕ್ಷನ ಕೈಗೇ ಕೊಟ್ಟರು! ಇಂಗ್ಲೆಂಡಿನ ರಾಜರು ಆ ಹೊತ್ತಿಗೆ ಸ್ವಂತ ಸಂಸತ್ತಿನ ಮೇಲೆ ಅದನ್ನು ಬಳಸುವುದು ಬಿಟ್ಟು ಎಂಬತ್ತು ವರ್ಷ ಆಗಿತ್ತು. ಎರಡೂ ಸದನಗಳು ಮೂರನೇ ಎರಡರಷ್ಟು ಮತದಿಂದ ಅದನ್ನು ಮೀರಬಹುದು, ಅಷ್ಟೇ ಕಡಿವಾಣ. 1952ರಲ್ಲಿ ಟ್ರೂಮನ್ ಉಕ್ಕಿನ ಕಾರ್ಖಾನೆಗಳನ್ನು ವಶಕ್ಕೆ ತೆಗೆದುಕೊಂಡಾಗ ಕೋರ್ಟು ತಡೆಯಿತು ಅನ್ನೋದನ್ನೂ ಸೇರಿಸಿ. ಆದರೂ ಇವತ್ತಿನ ಯಾವ ಯುರೋಪಿನ ರಾಜನಿಗಿಂತ ಅವರೇ ನಿಜವಾದ ರಾಜರು.

ಅಜ್ಜನಿಗೆ ಇದೆಲ್ಲಕ್ಕಿಂತ ಹಿಡಿಸಿದ್ದು ಮೈಸೂರಿನ ಕತೆ. ಜಯಚಾಮರಾಜೇಂದ್ರ ಒಡೆಯರು 1940ರಲ್ಲಿ ಮಹಾರಾಜರಾದರು. 1947ರ ಅಕ್ಟೋಬರ್‌ನಲ್ಲಿ, ಮೈಸೂರು ಚಲೋ ಚಳವಳಿ ಆದ ಮೇಲೆ, ಕೆ.ಸಿ. ರೆಡ್ಡಿ ಸರ್ಕಾರಕ್ಕೆ ಆಡಳಿತ ಬಿಟ್ಟುಕೊಟ್ಟರು. 1950ರಲ್ಲಿ ರಾಜಪ್ರಮುಖರು, ಅಂದರೆ ರಾಜ್ಯದ ಮುಖ್ಯಸ್ಥರು. 1956ರಲ್ಲಿ ರಾಜ್ಯಪಾಲರು. ಅದೇ ಮನುಷ್ಯ, ಅದೇ ಊರು. ಹುಟ್ಟಿನಿಂದ ಬಂದ ಕುರ್ಚಿಯ ಬದಲಿಗೆ, ರಾಷ್ಟ್ರಪತಿಯ ಇಷ್ಟ ಇರುವವರೆಗೆ ಅನ್ನೋ ಕುರ್ಚಿ ಬಂತು. ಹಾಗಂತ ಮಹಾರಾಜರಾಗಿದ್ದಾಗ ಕೈ ಪೂರ್ತಿ ಬಿಚ್ಚಿತ್ತು ಅಂದುಕೊಳ್ಳಬೇಡಿ. 1881ರಲ್ಲಿ ಬ್ರಿಟಿಷರು ರಾಜ್ಯವನ್ನು ಒಡೆಯರಿಗೆ ವಾಪಸ್ ಕೊಟ್ಟಾಗ ಷರತ್ತುಗಳ ಪಟ್ಟಿಯೇ ಜೊತೆಗಿತ್ತು. ಜಾರಿಯಲ್ಲಿದ್ದ ಕಾನೂನು ಬದಲಿಸಲು ಗವರ್ನರ್ ಜನರಲ್ ಒಪ್ಪಿಗೆ ಬೇಕಿತ್ತು.

ಜಮೀನಿನ ವಿಚಾರ ಮಾತ್ರ ನಾನು ಖಡಾಖಂಡಿತ ಹೇಳಿದೆ. ರಾಷ್ಟ್ರಪತಿ ಗಲ್ಲು ಶಿಕ್ಷೆ ಮಾಫಿ ಮಾಡಬಹುದು, ಅದೂ ಸಂಪುಟದ ಸಲಹೆಯಂತೆ. ಸಿವಿಲ್ ಡಿಕ್ರಿಯ ಒಂದು ಗುಂಟೆಯನ್ನೂ ಆಚೀಚೆ ಮಾಡಲಾರರು.

ಒಂದು ತಿಂಗಳಾದ ಮೇಲೆ ಅಜ್ಜ ಪ್ಲಾಸ್ಟಿಕ್ ಕವರಿನಲ್ಲಿ ಒಂದು ಹಳೇ ಕಾಗದ ತಂದರು. ತಾತ ಮಹಾರಾಜರಿಗೆ ಕೊಟ್ಟಿದ್ದ ಅರ್ಜಿಯ ನಕಲು, ಮಡಿಕೆಯಲ್ಲೆಲ್ಲ ಹರಿದಿತ್ತು. ಅಂಚಿನಲ್ಲಿ ಯಾರೋ ಓರೆಯಾಗಿ ಒಂದು ಸಾಲು ಗೀಚಿದ್ದರು. ಕನ್ನಡಕ ಹಾಕಿಕೊಂಡು ಓದಿದೆ: ತಾಲ್ಲೂಕು ಅಮಲ್ದಾರರಿಗೆ, ಸೂಕ್ತ ಕ್ರಮಕ್ಕಾಗಿ.

ಅಜ್ಜ ಆ ಸಾಲನ್ನೇ ನೋಡುತ್ತಾ ಕೂತರು. ಆಮೇಲೆ ನಕ್ಕರು. “ಆ ಅಮಲ್ದಾರ ಒಳ್ಳೆಯೋನಿದ್ದ ಅನ್ಸುತ್ತೆ, ಬಿಡಿ.”