ಮುದ್ರೆ ಇಲ್ಲದ ಕಾಮಿಕ್ಸ್

1954ರಲ್ಲಿ ಅಮೆರಿಕದ ಕಾಮಿಕ್ಸ್ ಕಂಪನಿಗಳು ತಮ್ಮ ಕೈಗೆ ತಾವೇ ಬೇಡಿ ಹಾಕಿಕೊಂಡವು. ಕಾಮಿಕ್ಸ್ ಓದಿ ಮಕ್ಕಳು ಹಾಳಾಗುತ್ತಿದ್ದಾರೆ ಅಂತ ಫ್ರೆಡ್ರಿಕ್ ವರ್ಥಮ್ ಅನ್ನೋ ಮನೋವೈದ್ಯರು ಪುಸ್ತಕ ಬರೆದಿದ್ದರು, ಸೆನೆಟ್ ಸಮಿತಿ ವಿಚಾರಣೆ ನಡೆಸಿತ್ತು, ಸರ್ಕಾರ ಕತ್ತರಿ ಹಿಡಿದು ಬರುವ ಮುಂಚೆ ನಾವೇ ಕತ್ತರಿಸಿಕೊಳ್ಳೋಣ ಅಂತ ಕಂಪನಿಗಳು ‘ಕಾಮಿಕ್ಸ್ ಕೋಡ್’ ಮಾಡಿಕೊಂಡವು. ಪೊಲೀಸರು, ಜಡ್ಜುಗಳ ಮೇಲೆ ಅಗೌರವ ಹುಟ್ಟಿಸಬಾರದು. ಪ್ರತಿ ಕಥೆಯಲ್ಲೂ ಒಳ್ಳೆಯದೇ ಗೆಲ್ಲಬೇಕು. ನಡೆದಾಡುವ ಹೆಣ ಬರಲೇಬಾರದು. ಮುಖಪುಟದಲ್ಲಿ ಕೋಡ್‌ನ ಮುದ್ರೆ ಇಲ್ಲದ ಪುಸ್ತಕವನ್ನು ಬಹುತೇಕ ವಿತರಕರು ಮುಟ್ಟುತ್ತಿರಲಿಲ್ಲ.

ಅಧಿಕಾರದಲ್ಲಿರೋರನ್ನು ಗೇಲಿ ಮಾಡುವ ಹಾಗೇ ಇಲ್ಲ ಅಂದಮೇಲೆ ವಿಡಂಬನೆಗೆ ಉಳಿಯೋದೇನು?

ಈ ಕಾಮಿಕ್ಸ್ ಓದಿ ಬೆಳೆದ ಮಕ್ಕಳು ವಿಯೆಟ್ನಾಂ ಯುದ್ಧದ ಹೊತ್ತಿಗೆ ದೊಡ್ಡವರಾಗಿದ್ದರು. 1968ರ ಆರಂಭದಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಚಿತ್ರಕಾರ ರಾಬರ್ಟ್ ಕ್ರಂಬ್ ಅವರ ‘ಜ್ಯಾಪ್’ ಅನ್ನೋ, ಕೋಡ್‌ನ ಮುದ್ರೆ ಇಲ್ಲದ ಕಾಮಿಕ್ಸ್ ಪುಸ್ತಕ ಬಂತು. ಬೆಲೆ 25 ಸೆಂಟ್. ಹಿಪ್ಪಿಗಳ ಹೇಟ್ ಸ್ಟ್ರೀಟ್‌ನಲ್ಲಿ ಮಗುವಿನ ತಳ್ಳುಗಾಡಿಯಲ್ಲಿಟ್ಟು ಮಾರಿದರು. ಆಮೇಲೆ ಪೋಸ್ಟರ್, ಸೇದುವ ಪೈಪು ಮಾರುವ ‘ಹೆಡ್ ಶಾಪ್’ಗಳೇ ಇಂಥ ಪುಸ್ತಕಗಳ ಅಂಗಡಿಯಾದವು. ಅಲ್ಲಿ ಯಾರೂ ಮುದ್ರೆ ಕೇಳುತ್ತಿರಲಿಲ್ಲ. ಈ ಬೇರೆ ದಾರಿ ಸಿಗದಿದ್ದರೆ ಆ ಚಿತ್ರಗಳೆಲ್ಲ ಡ್ರಾಯಿಂಗ್ ಪುಸ್ತಕದಲ್ಲೇ ಉಳಿದುಬಿಡುತ್ತಿದ್ದವು.

ಕ್ರಂಬ್ ಅವರ ಒಂದು ಕಥೆಯಲ್ಲಿ ಎಲ್ಲಿಂದಲೋ ಮಾಂಸದುಂಡೆಗಳು ಬಂದು ಜನರ ತಲೆಗೆ ಬೀಳುತ್ತವೆ. ಪೆಟ್ಟು ತಿಂದವರಿಗೆ ಜ್ಞಾನೋದಯ! ಯಾಕೆ, ಹೇಗೆ, ವಿವರಣೆಯೇ ಇಲ್ಲ. ಒಂದೇ ನಶೆ ಗುಳಿಗೆಯಲ್ಲಿ ಮೋಕ್ಷ ಹುಡುಕುತ್ತಿದ್ದ ತಮ್ಮ ಓದುಗರನ್ನೇ ಕ್ರಂಬ್ ಹಿಡಿದು ತೋರಿಸಿದ್ದಾರೆ ಅಂತ ನನಗನಿಸುತ್ತದೆ. ಚಿತ್ರ ಮಾತ್ರ ಹಳೇ ಮಕ್ಕಳ ಕಾರ್ಟೂನಿನ ಥರ, ದಪ್ಪ ಬೂಟು, ಗುಂಡಗಿನ ಮೂಗು. ಕಣ್ಣಿಗೆ ಪರಿಚಯದ ಗೆರೆ, ಒಳಗೆ ಹೊಟ್ಟೆ ತೊಳಸುವ ವಿಷಯ. ಯೇಲ್ ವಿಶ್ವವಿದ್ಯಾಲಯದಲ್ಲಿ ಬಣ್ಣದ ಪಾಠ ಕಲಿತಿದ್ದ ಚಿತ್ರಕಾರ ವಿಕ್ಟರ್ ಮೊಸ್ಕೊಸೊ ಇನ್ನೂ ಮುಂದೆ ಹೋದರು. ಅವರ ಪುಟಗಳಲ್ಲಿ ಕಥೆಯೇ ಇಲ್ಲ, ಒಂದು ಆಕಾರ ಕರಗಿ ಇನ್ನೊಂದಾಗುತ್ತಾ ಹೋಗುತ್ತದೆ. ಕನಸು ಹಾಗೇ ಅಲ್ವಾ?

ಆದರೆ ಈ ಸ್ವಾತಂತ್ರ್ಯದಲ್ಲಿ ಹೆಂಗಸರ ಪಾಲಿಗೆ ಬಂದದ್ದು ಜಾಸ್ತಿ ಹಿಂಸೆ, ಅವಮಾನ. ಕಪ್ಪು ಜನರ ಚಿತ್ರಗಳೂ ಕೆಲವು ನೋಡಲಾಗದಷ್ಟು ಕ್ರೂರ. ವಿಡಂಬನೆ ಅಂತ ಸಮರ್ಥಿಸೋರು ಈಗಲೂ ಇದ್ದಾರೆ, ನಾನು ಒಪ್ಪಲ್ಲ. ಕಾಮಿಕ್ಸ್ ಚಿತ್ರಕಾರ್ತಿ ಟ್ರಿನಾ ರಾಬಿನ್ಸ್ ಇದನ್ನು ಅವತ್ತೇ ಬಾಯಿಬಿಟ್ಟು ಹೇಳಿದರು, 1970ರಲ್ಲಿ ಹೆಂಗಸರೇ ಬರೆದ ಕಾಮಿಕ್ಸ್ ಪುಸ್ತಕ ತಂದರು.

ಅಷ್ಟರಲ್ಲಿ ಕೋರ್ಟು ಕೂಡ ಬಂತು. ‘ಜ್ಯಾಪ್’ 4ನೇ ಸಂಚಿಕೆ ಮಾರಿದ್ದಕ್ಕೆ ನ್ಯೂಯಾರ್ಕಿನಲ್ಲಿ ಪುಸ್ತಕದಂಗಡಿಯವರ ಮೇಲೆ ಅಶ್ಲೀಲತೆಯ ಕೇಸು ಬಿದ್ದು ಶಿಕ್ಷೆಯೂ ಆಯಿತು. ಬರೆದವರಿಗಲ್ಲ, ಮಾರಿದವರಿಗೆ. ಯಾವುದು ಅಶ್ಲೀಲ ಅನ್ನೋದನ್ನು ಆಯಾ ಊರಿನ ಜನರ ಅಳತೆಯಲ್ಲೇ ನೋಡಬಹುದು ಅಂತ 1973ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ ಮೇಲೆ ಅಂಗಡಿಯವರು ಇನ್ನೂ ಹೆದರಿದರು.

ಅದಕ್ಕೆ ಒಂದು ವರ್ಷ ಮೊದಲು ಜಸ್ಟಿನ್ ಗ್ರೀನ್ ಅನ್ನೋ ಚಿತ್ರಕಾರರು ತಮ್ಮದೇ ಬಾಲ್ಯವನ್ನು ಕಾಮಿಕ್ಸ್ ಆಗಿ ಬರೆದಿದ್ದರು. ಆ ಕ್ಯಾಥೊಲಿಕ್ ಹುಡುಗನಿಗೆ ತನ್ನ ಮೈಯಿಂದ, ಬೆರಳಿನಿಂದಲೂ ಪಾಪದ ಕಿರಣ ಹೊರಡುತ್ತಿದೆ ಅನ್ನುವ ಭಯ. ಎಲ್ಲಿ ಅದು ಚರ್ಚಿಗೆ, ಮೇರಿಯಮ್ಮನ ಪ್ರತಿಮೆಗೆ ತಾಗಿಬಿಡುತ್ತೋ ಅಂತ ಒದ್ದಾಡುತ್ತಾನೆ. ಗೀಳುರೋಗವನ್ನು ಇಷ್ಟು ಒಳಗಿನಿಂದ ತೋರಿಸಿದ ಚಿತ್ರಗಳನ್ನು ನಾನು ಬೇರೆ ಕಂಡಿಲ್ಲ. ಅದೇ 1972ರಲ್ಲಿ ಅವರ ಗೆಳೆಯ ಆರ್ಟ್ ಸ್ಪೀಗಲ್‌ಮನ್, ನಾಜಿಗಳ ಕೈಯಿಂದ ಬದುಕಿ ಬಂದ ಅಪ್ಪ ಹೇಳಿದ್ದನ್ನು ಇಲಿ ಬೆಕ್ಕುಗಳ ಮೂರು ಪುಟದ ಕಥೆ ಮಾಡಿ ಇಂಥದ್ದೇ ಒಂದು ಪುಸ್ತಕಕ್ಕೆ ಕೊಟ್ಟರು.