‘ಎದೆ ಸಂಕಟ’ ಅಂದರೆ ಏನು ಸಿಸ್ಟರ್?

ಕೇರಳದ ಕಾಸರಗೋಡು ಜಿಲ್ಲೆಯ ಕುಂಬಳೆ ಕಡೆಯ ಒಂದು ಆಸ್ಪತ್ರೆ ಎಂದುಕೊಳ್ಳಿ. ರಾತ್ರಿ 2 ಗಂಟೆ. ಎಪ್ಪತ್ತು ದಾಟಿದ ಅಜ್ಜಿಯೊಬ್ಬರು ಸಿಸ್ಟರನ್ನು ಕರೆದು, ‘ಎದೆಯಲ್ಲಿ ಏನೋ ಸಂಕಟ’ ಎನ್ನುತ್ತಾರೆ. ಸಿಸ್ಟರ್ ಪಯ್ಯನ್ನೂರಿನವರು, ಮಾತು ಮಲಯಾಳ. ಮಲಯಾಳದಲ್ಲಿ ಸಂಕಟ ಅಂದರೆ ದುಃಖ. ನಮ್ಮ ಕನ್ನಡದಲ್ಲಿ ಅದು ಮೈಯ ಕಷ್ಟವೂ ಹೌದು. ಮಗ ದುಬೈಯಲ್ಲಿದ್ದಾನೆ, ನೆನಪಾಗಿರಬೇಕು ಎಂದುಕೊಂಡು ಸಿಸ್ಟರ್ ಸಮಾಧಾನ ಹೇಳಿ ಹೋಗಿಬಿಟ್ಟರೆ?

ಹೆಂಗಸರಿಗೆ, ವಯಸ್ಸಾದವರಿಗೆ, ಸಕ್ಕರೆ ಕಾಯಿಲೆ ಇರುವವರಿಗೆ ಹೃದಯಾಘಾತ ಆದಾಗ ಎದೆ ಹಿಡಿದು ಕುಸಿಯುವಂಥ ನೋವು ಇಲ್ಲದಿರಬಹುದು. ಬರೀ ಸುಸ್ತು, ವಾಕರಿಕೆ, ಬೆವರು, ಏದುಸಿರು. ಹಾಗಾಗಿ ಒಳ್ಳೆಯ ಸಿಸ್ಟರ್ ಪದದ ಅರ್ಥ ಊಹಿಸುವುದಿಲ್ಲ. ಎಲ್ಲಿ, ಯಾವಾಗಿನಿಂದ, ಕೈಗೆ ದವಡೆಗೆ ಹರಡುತ್ತಿದೆಯಾ ಎಂದು ಕೇಳುತ್ತಾರೆ. ಕನ್ನಡ, ತುಳು ಬಲ್ಲ ಆಯಾ ಇದ್ದರೆ ಕರೆದು ಕೇಳಿಸುತ್ತಾರೆ. ಎದೆಯ ತೊಂದರೆಗೆ 10 ನಿಮಿಷದೊಳಗೆ ಇಸಿಜಿ ಆಗಬೇಕು ಎಂಬ ನಿಯಮವಿದೆ. ನಮ್ಮ ಕಡೆ ಎದೆಯಲ್ಲಿ ಏನಾದರೂ ಅದಕ್ಕೆ ‘ಗ್ಯಾಸ್’ ಎಂಬ ಒಂದೇ ಹೆಸರು. ಮೊದಲು ಹೊಳೆದ ಉತ್ತರಕ್ಕೆ ಮನಸ್ಸು ಅಂಟಿಕೊಂಡರೆ ಆಮೇಲೆ ಕಂಡದ್ದೆಲ್ಲ ಅದಕ್ಕೇ ಸಾಕ್ಷಿಯಾಗಿ ಕಾಣುತ್ತದೆ. ‘ಗ್ಯಾಸ್ ಅಲ್ಲದಿದ್ದರೆ ಮತ್ತೇನು?’ ಎಂದು ಕೇಳಿಕೊಳ್ಳುವ ಸಿಸ್ಟರ್ ಜೀವ ಉಳಿಸುತ್ತಾರೆ.

ಇನ್ನು ಉಸಿರು. ವಾರ್ಡಿನಲ್ಲಿ ಸರಿಯಾಗಿ ಎಣಿಸದೆ ಹೋಗುವುದು ಇದನ್ನೇ. ದೊಡ್ಡವರಿಗೆ ನಿಮಿಷಕ್ಕೆ 12ರಿಂದ 20 ಸಲ ಉಸಿರಾಟ ಸಹಜ. ಸೋಂಕು ಮೈಗೇರಿದಾಗ ರಕ್ತದಲ್ಲಿ ಆಮ್ಲ ಜಾಸ್ತಿಯಾಗುತ್ತದೆ. ಮೆದುಳಿನ ಬುಡಕ್ಕೆ ಅದು ತಕ್ಷಣ ಗೊತ್ತಾಗಿ, ಉಸಿರಿನ ವೇಗ ಹೆಚ್ಚಿಸುತ್ತದೆ. ಹೀಗೆ ದೇಹ ದುಡಿಯುತ್ತಿರುವಷ್ಟು ಹೊತ್ತು ಬೆರಳಿಗೆ ಸಿಕ್ಕಿಸಿದ ಯಂತ್ರ ಆಕ್ಸಿಜನ್ 96, 97 ಎಂದೇ ತೋರಿಸಬಹುದು. ಅಂಕಿ ಚೆನ್ನಾಗಿದೆ, ಅಜ್ಜಿ ಮಾತ್ರ ದಣಿಯುತ್ತಿದ್ದಾರೆ. ಎಣಿಸುವುದರಲ್ಲೂ ಒಂದು ಜಾಣತನವಿದೆ. ಉಸಿರು ಎಣಿಸುತ್ತೇನೆ ಎಂದರೆ ಯಾರೇ ಆದರೂ ಉಸಿರಾಟ ಬದಲಿಸುತ್ತಾರೆ. ಅದಕ್ಕೇ ನಾಡಿ ನೋಡುವ ಹಾಗೆ ಕೈ ಹಿಡಿದು, ಕಣ್ಣು ಎದೆಯ ಮೇಲಿಟ್ಟು, ಒಂದು ಪೂರ್ತಿ ನಿಮಿಷ ಎಣಿಸುತ್ತಾರೆ.

ರೋಗಿಯ ಸ್ಥಿತಿ ಕೆಡುತ್ತಿರುವುದನ್ನು ಬೇಗ ಗುರುತಿಸಲು ಬ್ರಿಟನ್ನಿನ ವೈದ್ಯರ ಸಂಸ್ಥೆ 2012ರಲ್ಲಿ ಒಂದು ಅಂಕಪಟ್ಟಿ ತಂದಿತು, ಹೆಸರು ‘ನ್ಯೂಸ್’. ಅಂಕ ಹೆಚ್ಚಾದಷ್ಟೂ ಅಪಾಯ ಹೆಚ್ಚು. 2017ರಲ್ಲಿ ಅದನ್ನು ತಿದ್ದಿದರು. ನಮ್ಮ ಅಜ್ಜಿಗೇ ಹಾಕಿ ನೋಡೋಣ. ಉಸಿರು 22, ಅದಕ್ಕೆ 2 ಅಂಕ. ಆಕ್ಸಿಜನ್ 95, ನಾಡಿ 104, ಮೇಲಿನ ಬಿಪಿ 108: ಒಂದೊಂದಕ್ಕೂ 1 ಅಂಕ. ಜ್ವರ ಇಲ್ಲ, ಎಚ್ಚರ ಇದೆ, ಹಾಗಾಗಿ ಸೊನ್ನೆ. ಬಿಡಿಬಿಡಿಯಾಗಿ ನೋಡಿದರೆ ಹೆದರುವಂಥದ್ದೇನೂ ಇಲ್ಲ, ಅಲ್ವಾ? ಕೂಡಿಸಿದರೆ 5. ಐದಾದರೆ ಡಾಕ್ಟರು ತಡಮಾಡದೆ ಬಂದು ನೋಡಬೇಕು. ‘ಅಜ್ಜಿ ಯಾಕೋ ಸರಿ ಇಲ್ಲ’ ಎಂದು ಫೋನಿನಲ್ಲಿ ಹೇಳುವುದಕ್ಕೂ ‘ಐದು ಅಂಕ ಆಗಿದೆ, ಬನ್ನಿ’ ಎನ್ನುವುದಕ್ಕೂ ಬಹಳ ವ್ಯತ್ಯಾಸವಿದೆ.

ಹಾಗಂತ ‘ಯಾಕೋ ಸರಿ ಇಲ್ಲ’ ಎಂಬುದು ಸುಮ್ನೆ ಬರುವ ಮಾತಲ್ಲ. ಕಾಸರಗೋಡು ಜಿಲ್ಲೆಯಾದ 1984ರಲ್ಲೇ ಅಮೆರಿಕದ ನರ್ಸಿಂಗ್ ವಿದ್ವಾಂಸೆ ಪ್ಯಾಟ್ರಿಷಿಯಾ ಬೆನ್ನರ್ ಈ ವಿಷಯ ಬರೆದರು. ಹೊಸ ನರ್ಸು ನಿಯಮ ಹಿಡಿದು ನಡೆಯುತ್ತಾರೆ. ನೂರಾರು ರೋಗಿಗಳನ್ನು ನೋಡಿದವರಿಗೆ ಒಟ್ಟು ಚಿತ್ರವೇ ಒಮ್ಮೆಗೆ ಕಾಣುತ್ತದೆ. ನಿನ್ನೆ ಗಂಜಿಗೆ ಉಪ್ಪು ಕಡಿಮೆ ಎಂದು ಜಗಳ ಮಾಡಿದ ಅಜ್ಜಿ ಇವತ್ತು ಕೊಟ್ಟದ್ದನ್ನು ಸುಮ್ಮನೆ ಉಣ್ಣುತ್ತಿದ್ದಾರೆ. ಯಾವ ಯಂತ್ರವೂ ಇದನ್ನು ಅಳೆಯುವುದಿಲ್ಲ. ಮುದುಕರಲ್ಲಿ ಸೋಂಕು ಜ್ವರವಿಲ್ಲದೆಯೂ ಬರುತ್ತದೆ, ಹೀಗೆ ಮಂಕಾಗುವುದರಿಂದಲೇ ಶುರುವಾಗಬಹುದು. ಅಂಥ ಹೊಸ ಗೊಂದಲವೊಂದಕ್ಕೇ ಪಟ್ಟಿಯಲ್ಲಿ 3 ಅಂಕ.

ಯಂತ್ರವೇ ಇಲ್ಲದ ಕಡೆಯೂ ನಿರ್ಧಾರ ಮಾಡಬೇಕಾಗುತ್ತದೆ. ಎಣ್ಮಕಜೆಯ ಗುಡ್ಡದ ಮನೆಗಳಲ್ಲಿ ಎಂಡೋಸಲ್ಫಾನ್ ಕೀಟನಾಶಕ ಸಿಂಪಡಿಸಿದ ನಂತರ ಹಾಸಿಗೆ ಹಿಡಿದವರಿದ್ದಾರೆ. ನೋವು ತಗ್ಗಿಸುವ ಆರೈಕೆಗೆಂದು ಮನೆಗೆ ಬರುವ ಪಾಲಿಯೇಟಿವ್ ಸಿಸ್ಟರ್ ಮೊದಲು ಬೆನ್ನು, ಸೊಂಟ, ಹಿಮ್ಮಡಿ ನೋಡುತ್ತಾರೆ. ಕೆಂಪಾದ ಚರ್ಮ ಒತ್ತಿದಾಗ ಬಿಳಿಚದಿದ್ದರೆ ಹಾಸಿಗೆ ಹುಣ್ಣು ಶುರುವಾಗಿದೆ ಎನ್ನುತ್ತದೆ ಪುಸ್ತಕ. ನಮ್ಮ ಕಪ್ಪು ಚರ್ಮದಲ್ಲಿ ಆ ಕೆಂಪು ಕಾಣುವುದು ಕಷ್ಟ. ಹಾಗಾಗಿ ಅವರು ಅಂಗೈ ಇಟ್ಟು ನೋಡುತ್ತಾರೆ: ಸುತ್ತಲಿಗಿಂತ ಬಿಸಿ ಇದೆಯಾ, ಗಟ್ಟಿಯಾಗಿದೆಯಾ, ಮೆತ್ತಗಾಗಿದೆಯಾ. ಮತ್ತೆ ಪಕ್ಕದಲ್ಲಿ ನಿಂತ ಅಮ್ಮನನ್ನು ಕೇಳುತ್ತಾರೆ, ‘ನಿನ್ನೆಯೂ ಹೀಗೇ ಇತ್ತಾ?’