ಅರಮನೆಯ ಔತಣ, ಮಸಿಯ ಬೆಳಕು

ನೃತ್ಯಕ್ಕೆ ಬಿಡುವು ಸಿಕ್ಕಿದೆ, ಎಲ್ಲರೂ ಊಟಕ್ಕೆ ಮುಗಿಬಿದ್ದಿದ್ದಾರೆ. ಹೆಂಗಸರಿಗೆ ಹೇಗೋ ಕುರ್ಚಿ ಸಿಕ್ಕಿದೆ, ಗಂಡಸರು ನಿಂತೇ ಉಣ್ಣಬೇಕು. ಮುಂದೆಯೇ ನಿಂತಿರುವ ಒಬ್ಬ ಟೋಪಿಯನ್ನು ತೊಡೆಗಳ ನಡುವೆ ಸಿಕ್ಕಿಸಿಕೊಂಡು ತಟ್ಟೆಯ ಜತೆ ಪರದಾಡುತ್ತಿದ್ದಾನೆ. ನಮ್ಮ ಮದುವೆಮನೆಯ ಬಫೆ ಕಂಡವರಿಗೆ ಅವನ ಪಾಡು ಬಿಡಿಸಿ ಹೇಳಬೇಕಿಲ್ಲ.

ಇದು ಜರ್ಮನಿಯ ಚಿತ್ರಕಾರ ಅಡಾಲ್ಫ್ ಮೆಂಟ್ಸೆಲ್ 1878ರಲ್ಲಿ ಬರೆದ ‘ನೃತ್ಯಕೂಟದ ಊಟ’. ಬರ್ಲಿನ್ನಿನ ಆಲ್ಟೆ ನ್ಯಾಷನಲ್ ಗ್ಯಾಲರಿಯಲ್ಲಿರುವ ಈ ಚಿತ್ರದ ಅಗಲ ಒಂದು ಮೀಟರೂ ಇಲ್ಲ. ಅಷ್ಟರಲ್ಲೇ ರಾಜಪರಿವಾರವೆಲ್ಲ ಕಿಕ್ಕಿರಿದಿದೆ. ಆದರೂ ಚಿತ್ರದ ನಿಜವಾದ ನಾಯಕ ತೂಗುದೀಪಗಳ ಬೆಳಕೇ ಎಂದು ನನಗನ್ನಿಸುತ್ತದೆ.

ಮೇಣದ ಬತ್ತಿಯ ಜ್ವಾಲೆಯಲ್ಲಿ ನಮಗೆ ಬೆಳಕು ಕೊಡುವುದು ಮುಖ್ಯವಾಗಿ ಮಸಿ. ಪೂರ್ತಿ ಉರಿಯದ ಇಂಗಾಲದ ಕಣಗಳು ಕಾದು ಹಳದಿಯಾಗಿ ಹೊಳೆಯುತ್ತವೆ. ಈ ಬೆಳಕಿನಲ್ಲಿ ನೀಲಿಯ ಪಾಲು ತೀರಾ ಕಡಿಮೆ. ಹಾಗಾಗಿ ಚಿನ್ನದ ಲೇಪ, ಕೆಂಪು ಬಟ್ಟೆ, ಬರಿಯ ಭುಜಗಳು ಮಿಂಚುತ್ತವೆ. ನೀಲಿ ಬಟ್ಟೆ ಮಂಕಾಗುತ್ತದೆ.

ಇದನ್ನು ಚಿತ್ರಕ್ಕೆ ಇಳಿಸುವುದು ಸುಲಭವಲ್ಲ. ಬಣ್ಣ ತಾನಾಗಿ ಬೆಳಗುವುದಿಲ್ಲವಲ್ಲ! ಒಳ್ಳೆಯ ಬಿಳಿ ಬಣ್ಣ ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ಶೇ 90ರಷ್ಟನ್ನು ಹಿಂದಿರುಗಿಸಿದರೆ, ಕಪ್ಪು ಶೇ 3–4ರಷ್ಟನ್ನು. ಅಂದರೆ ಕ್ಯಾನ್‌ವಾಸಿನ ಮೇಲೆ ಸಿಗುವ ಅಂತರ ಸುಮಾರು 22–30 ಪಟ್ಟು. ನಿಜವಾದ ಸಭಾಂಗಣದಲ್ಲಿ ಜ್ವಾಲೆಗೂ ಮೂಲೆಯ ಕತ್ತಲಿಗೂ ಸಾವಿರಾರು ಪಟ್ಟು ಅಂತರವಿರುತ್ತದೆ.

ಅದೇ ಬರ್ಲಿನ್ನಿನಲ್ಲಿ 1871ರಿಂದ ಭೌತವಿಜ್ಞಾನದ ಪ್ರಾಧ್ಯಾಪಕರಾಗಿದ್ದ ಹರ್ಮನ್ ಹೆಲ್ಮ್‌ಹೋಲ್ಟ್ಸ್ ಚಿತ್ರಕಲೆ ಮತ್ತು ದೃಗ್ವಿಜ್ಞಾನದ ಬಗ್ಗೆ ಉಪನ್ಯಾಸಗಳನ್ನೇ ಕೊಟ್ಟಿದ್ದರು. ಕಣ್ಣು ಬೆಳಕನ್ನು ಅಳೆಯುವುದಿಲ್ಲ, ಒಂದರ ಪಕ್ಕದಲ್ಲಿ ಇನ್ನೊಂದನ್ನಿಟ್ಟು ತೂಗುತ್ತದೆ. ಕಲಾವಿದ ಕಾಪಾಡಬೇಕಾದದ್ದು ಆ ಅನುಪಾತವನ್ನು ಎಂಬುದು ಅವರ ವಾದದ ತಿರುಳು. ಪ್ರಖರ ದೀಪದ ಸುತ್ತ ಕಾಣುವ ಮಬ್ಬು ಪ್ರಭೆ ಕಣ್ಣಿನದೇ ದೋಷ. ಅದನ್ನೂ ಬಣ್ಣದಲ್ಲೇ ಬಿಡಿಸಬೇಕು.

ಮೆಂಟ್ಸೆಲ್ ಮಾಡಿದ್ದೂ ಹೆಚ್ಚುಕಡಿಮೆ ಅದನ್ನೇ. ಇಡೀ ಸಭಾಂಗಣವನ್ನು ಕಂದು ಹೊನ್ನಿನ ಮಬ್ಬಿನಲ್ಲಿ ಮುಳುಗಿಸಿ, ಅಲ್ಲಲ್ಲಿ ತಿಳಿಹಳದಿಯ ಚುಕ್ಕೆ ಇಟ್ಟರು. ಹತ್ತಿರ ಹೋದರೆ ಅವು ಬರೀ ಬಣ್ಣದ ಮುದ್ದೆ. ಎರಡು ಹೆಜ್ಜೆ ಹಿಂದೆ ಸರಿದರೆ ಪದಕ, ಕನ್ನಡಿ, ರೇಷ್ಮೆ. ಫ್ರಾನ್ಸಿನ ಕಲಾವಿದ ಎಡ್ಗರ್ ಡೆಗಾ ಈ ಚಿತ್ರಕ್ಕೆ ಮನಸೋತು ತಾನೇ ಒಂದು ಪ್ರತಿ ಬರೆದುಕೊಂಡ.

ಈ ಔತಣದ ಚಿತ್ರಕ್ಕೆ ಮೂರು ವರ್ಷ ಮೊದಲು ಮೆಂಟ್ಸೆಲ್ ಕಬ್ಬಿಣದ ಕಾರ್ಖಾನೆಯೊಂದರ ಚಿತ್ರ ಮುಗಿಸಿದ್ದರು. ಅಲ್ಲಿನ ಬೆಳಕೂ ಕಾದ ಘನವಸ್ತುವಿನದೇ, ಆದರೆ ಮಸಿಯದಲ್ಲ, ಕಬ್ಬಿಣದ್ದು. ಅದರ ಬಲಮೂಲೆಯಲ್ಲಿ, ತಗಡಿನ ಮರೆಯಲ್ಲಿ, ಕೆಲಸಗಾರರು ಬುತ್ತಿ ಉಣ್ಣುತ್ತಿದ್ದಾರೆ.